ಅಧ್ಯಕ್ಷರ ಕುರ್ಚಿ, ಕಾರ್ಯದರ್ಶಿಯ ಕೀಲಿಕೈ

ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ವರ್ಷವಿಡೀ ತಪ್ಪದೆ ಕಾಣುವ ಸುದ್ದಿಯೊಂದಿದೆ: ‘ಅಧ್ಯಕ್ಷರಾಗಿ ಅವಿರೋಧ ಆಯ್ಕೆ’. ಪಾಸ್‌ಪೋರ್ಟ್ ಅಳತೆಯ ಮೂರು ಮುಖಗಳು ಸಾಲಾಗಿ, ಕೆಳಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ಮೂರು ಪದ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸುದ್ದಿ ಓದುವವರಿಗೆ ಇದು ಚಹಾದ ಜೊತೆಗಿನ ದಿನದ ಓದು. ಗೆದ್ದವರಿಗೆ ಶಾಲು, ಹಾರ, ಒಂದು ಫೋಟೊ. ಮರುದಿನದಿಂದ ಆ ಮೂವರು ಮಾಡಬೇಕಾದ್ದೇನು ಎಂಬುದು ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ. ಬಹಳ ಸಲ ಅವರಿಗೂ ಗೊತ್ತಿರುವುದಿಲ್ಲ.

ಸಂಘ-ಸಂಸ್ಥೆಗಳು ನೂರಾರು ಬಗೆ. ಇಲ್ಲಿ ಹೇಳುತ್ತಿರುವುದು ಕ್ಲಬ್ಬಿನ ಬಗ್ಗೆ. ಸಂಜೆ ಒಂದಿಷ್ಟು ಮಂದಿ ಕೂಡುವ, ಶಟಲ್ ಕಾಕ್ ಆಡುವ, ಕೇರಂ ಹೊಡೆಯುವ, ಎಲೆ ಹಂಚುವ, ಪೇಪರ್ ಓದಿ ರಾಜಕಾರಣ ಬಗೆಹರಿಸುವ ಜಾಗ. ತಾಲ್ಲೂಕಿನ ಊರಲ್ಲಿ ಅದರ ಸದಸ್ಯರು ಯಾರೆಂದು ಕಣ್ಣು ಮುಚ್ಚಿ ಹೇಳಬಹುದು: ವಕೀಲರು, ಡಾಕ್ಟರು, ಗುತ್ತಿಗೆದಾರರು, ಕಾಲೇಜು ಮಾಸ್ತರರು, ಬನಹಟ್ಟಿಯಾದರೆ ನೂಲಿನ ವ್ಯಾಪಾರಿಗಳು, ಮುಧೋಳವಾದರೆ ಕಬ್ಬಿನ ದೊಡ್ಡ ರೈತರು. ರೋಟರಿ, ಲಯನ್ಸ್‌ಗಳನ್ನು ಈ ಸಾಲಿಗೆ ಸೇರಿಸುತ್ತಿಲ್ಲ. ಅಲ್ಲಿ ಜುಲೈ 1 ಬಂತೆಂದರೆ ಅಧ್ಯಕ್ಷರು ಕಾಲರ್ ಕಳಚಿ ಇನ್ನೊಬ್ಬರ ಕೊರಳಿಗೆ ಹಾಕಬೇಕು. ನಿಯಮ ಮೇಲಿನಿಂದ ಬಂದದ್ದು, ವಾದಕ್ಕೆ ಜಾಗವಿಲ್ಲ. ನಮ್ಮ ಊರಿನ ಸ್ವಂತ ಕ್ಲಬ್ಬುಗಳಿಗೆ ಅಂಥ ಮೇಲಿನವರು ಯಾರೂ ಇಲ್ಲ. ಅಲ್ಲಿಯೇ ಇದೆ ಅದರ ಸೊಗಸು, ಅಲ್ಲಿಯೇ ಇದೆ ಕುತ್ತು.

ಈ ಸೀಮೆಯ ಹಳೆಯ ಆಡಳಿತದ ನಕಾಶೆಯನ್ನು ನೋಡಿದರೆ ನಮಗೆ ಅಧ್ಯಕ್ಷರೆಂದರೆ ಯಾಕೆ ಇಷ್ಟು ಭಕ್ತಿ ಎಂಬುದು ಸ್ವಲ್ಪ ತಿಳಿಯುತ್ತದೆ. ಸ್ವಾತಂತ್ರ್ಯಕ್ಕೆ ಮೊದಲು ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಇಂದು ಒಂದೇ ನಗರಸಭೆಯಾಗಿರುವ ಜೋಡಿ ಊರಿನಲ್ಲಿ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ, ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ. ಬೀಳಗಿ ಬ್ರಿಟಿಷರ ವಿಜಯಪುರ ಜಿಲ್ಲೆಯೊಳಗೆ. ಒಂದು ದಿನದ ಬಂಡಿ ಪ್ರಯಾಣದಲ್ಲಿ ನಾಲ್ಕು ಸರಕಾರ! ಸಂಸ್ಥಾನದಲ್ಲಿ ಶಾಲೆ, ಗುಡಿ, ಕುಸ್ತಿ, ಆಟ ಎಲ್ಲಕ್ಕೂ ‘ಸರಕಾರ’ ಅಂದರೆ ರಾಜರೇ ಆಶ್ರಯ. ಮುಂದಿನ ಸಾಲಿನ ನಡುಗುರ್ಚಿ ಅವರದ್ದು. ಜಮಖಂಡಿಯ ಪಿ.ಬಿ. ಹೈಸ್ಕೂಲು ಇಂದಿಗೂ ಪರಶುರಾಮಭಾವು ಅವರ ಹೆಸರಲ್ಲಿದೆ, ಪುಣೆಯ ಎಸ್.ಪಿ. ಕಾಲೇಜೂ ಅದೇ ಜಮಖಂಡಿ ರಾಜರ ಹೆಸರಿನದು. ರಾಜರು ಹೋದರು, ನಡುಗುರ್ಚಿ ಉಳಿಯಿತು. ಅದರಲ್ಲಿ ಕೂಡುವವರು ರೊಕ್ಕವಂತರಾಗಿರಬೇಕು, ನಾಲ್ಕು ಮಂದಿ ಎದ್ದು ನಿಲ್ಲುವಂತಿರಬೇಕು ಎಂಬ ಭಾವನೆಯೂ ಉಳಿಯಿತು.

ಆದರೆ ಇದೇ ಮಣ್ಣಿನಲ್ಲಿ ಇನ್ನೊಂದು ಪಾಠವೂ ಇತ್ತು. ಸಾವಳಗಿಯ ಬಿ.ಡಿ. ಜತ್ತಿಯವರು 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅದರ ಅಧ್ಯಕ್ಷರಾದರು, ಸಂಸ್ಥಾನದ ಮಂತ್ರಿಯಾದರು, ಮುಖ್ಯಮಂತ್ರಿಯೂ ಆದರು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬೈ ಪ್ರಾಂತದಲ್ಲಿ ವಿಲೀನವಾದಾಗ ಮತ್ತೆ ಕರಿಕೋಟು ಹಾಕಿಕೊಂಡು ವಕೀಲಿಗೆ ಹೋದರು. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ಉಪರಾಷ್ಟ್ರಪತಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿ. ನೀರು, ಚರಂಡಿ, ಬೀದಿದೀಪದ ಠರಾವು ಪಾಸು ಮಾಡಿ ಕಲಿತ ಕಮಿಟಿ ವಿದ್ಯೆ ಅದು. ನಡುಗುರ್ಚಿಯನ್ನು ಬಿಟ್ಟು ಏಳುವುದೂ ಆ ವಿದ್ಯೆಯ ಒಂದು ಭಾಗ ಎಂದು ನನಗೆ ತೋರುತ್ತದೆ.

ಕ್ಲಬ್ಬು ಎಂಬ ಹೆಸರು ಬರುವ ಮೊದಲೂ ನಮ್ಮಲ್ಲಿ ಗಂಡಸರು ಸಂಜೆ ಕೂಡುವ ಜಾಗವಿತ್ತು, ತಾಲೀಮು. ಅದಕ್ಕೆ ಅಧ್ಯಕ್ಷರಿರಲಿಲ್ಲ, ವಸ್ತಾದ ಇದ್ದ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುವುದು, ಹುಡುಗರನ್ನು ಬೆಳಗಿನ ಜಾವ ಎಬ್ಬಿಸುವುದು, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು, ಎಲ್ಲ ಅವನದೇ. ಅವನನ್ನು ಯಾರೂ ಓಟು ಹಾಕಿ ಆರಿಸಲಿಲ್ಲ. ಆದರೆ ಮಣ್ಣಿಗಿಳಿಯಲು ಬಾರದವನು ವಸ್ತಾದನಾಗಲು ಸಾಧ್ಯವೇ ಇರಲಿಲ್ಲ. ಕ್ಲಬ್ಬಿನ ಅಧ್ಯಕ್ಷರಿಗೆ ಈ ಷರತ್ತು ಇಲ್ಲ. ರ‍್ಯಾಕೆಟ್ ಹಿಡಿದು ಗೊತ್ತಿಲ್ಲದವರು ಶಟಲ್ ಕೋರ್ಟಿನ ಕ್ಲಬ್ಬಿಗೆ ಹತ್ತು ವರ್ಷ ಅಧ್ಯಕ್ಷರಾಗಿರಬಹುದು.

ಹಾಗಂತ ಅಧ್ಯಕ್ಷರು ಸುಮ್ಮನೆ ಶೋಭೆಗೆ ಎನ್ನುವಂತಿಲ್ಲ. ಪುಣೆಯ ಡೆಕ್ಕನ್ ಜಿಮಖಾನಾವನ್ನು ನೋಡಿ. 1906ರಲ್ಲಿ ಹುಟ್ಟಿದ ಕ್ಲಬ್ಬು. ಅದರ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುವ ರೈತರ ಮಕ್ಕಳನ್ನು ನೋಡಿ, ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕು ಎಂದು ಹಟ ಹಿಡಿದರು. 1920ರಲ್ಲಿ ಆಂಟ್‌ವರ್ಪ್‌ಗೆ ಹೋದ ಭಾರತದ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಡಿ 19ನೆಯವರಾದರು. ಒಂದು ಕ್ಲಬ್ಬಿನ ಅಧ್ಯಕ್ಷರ ಪರಿಚಯ, ಪ್ರಭಾವ, ಕಿಸೆ ಏನು ಮಾಡಬಹುದು ಎಂಬುದಕ್ಕೆ ನಮ್ಮ ಕಡೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಅಧ್ಯಕ್ಷರ ಕೆಲಸ ಬಾಗಿಲಿನ ಹೊರಗೆ. ಜಾಗ ಕೊಡಿಸುವುದು, ದೇಣಿಗೆ ತರುವುದು, ಸಾಹೇಬರ ಹತ್ತಿರ ಮಾತಾಡುವುದು, ಒಳಗೆ ಇಬ್ಬರು ಹಿರಿಯರು ಮುನಿಸಿಕೊಂಡರೆ ಇಬ್ಬರ ಮನೆಗೂ ಹೋಗಿ ಬರುವುದು.

ಬಾಗಿಲಿನ ಒಳಗೆ ಕಾರ್ಯದರ್ಶಿಯ ರಾಜ್ಯ. ರಾಜ್ಯ ಎನ್ನುವುದಕ್ಕಿಂತ ಗಾಣ ಎಂದರೆ ಸರಿ. ಸಂಜೆ ಆರಕ್ಕೆ ಒಂದು ಸಣ್ಣ ಕ್ಲಬ್ಬಿನ ಕಾರ್ಯದರ್ಶಿಯ ಮಗ್ಗುಲಲ್ಲಿ ಕೂತರೆ ತಿಳಿಯುತ್ತದೆ. ಕೀಲಿಕೈ ಗೊಂಚಲು ಅವರ ಕೈಯಲ್ಲಿ. ಕಪಾಟು ತೆಗೆದು ಎರಡು ಜೋಡಿ ಇಸ್ಪೀಟ್ ಎಲೆ ಹೊರಗೆ ಕೊಡುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಶಟಲ್ ಡಬ್ಬಿ ಬರಿದಾಗಿದೆ. ಯಾರೋ ಒಬ್ಬರು ಬಂದು, “ಸೆಕ್ರೆಟರಿ ಸಾಹೇಬ್ರ, ಎರಡನೇ ಕೋರ್ಟಿನ ಲೈಟ್ ಇನ್ನೂ ಹಂಗ ಐತಲ್ರಿ” ಅನ್ನುತ್ತಾರೆ. “ನಾಳೆ ಎಲೆಕ್ಟ್ರಿಷಿಯನ್ ಬರ್ತಾನ್ರಿ, ನಿಮ್ಮ ವರ್ಗಣಿ ಎಪ್ರಿಲ್‌ದಿಂದ ಬಾಕಿ ಐತ್ರಿ” ಎಂದು ಇವರು. ಲೈಟಿನ ಮಾತು ಅಲ್ಲಿಗೇ ನಿಲ್ಲುತ್ತದೆ. ಕಾವಲುಗಾರ ಮಗಳ ಮದುವೆಗೆ ಎರಡು ತಿಂಗಳ ಪಗಾರ ಮುಂಗಡ ಕೇಳುತ್ತಿದ್ದಾನೆ. ಹೆಸ್ಕಾಂ ಬಿಲ್ಲಿನ ಗಡುವು ಸೋಮವಾರ. ಒಬ್ಬ ಸದಸ್ಯರು ತಮ್ಮ ಅಳಿಯನನ್ನು ‘ಗೆಸ್ಟ್’ ಎಂದು ದಿನಾ ಕರೆತರುತ್ತಿದ್ದಾರೆ, ಅದನ್ನು ಹೇಳುವವರು ಯಾರು? ಇದೆಲ್ಲ ಸಂಬಳವಿಲ್ಲದ ಚಾಕರಿ. ಮನೆಯಲ್ಲಿ ಬೈಗುಳ ಬೇರೆ.

ಖಜಾಂಚಿಯ ಪಾಡು ಇದಕ್ಕಿಂತ ವಿಚಿತ್ರ. ಅವರ ಕೈಯಲ್ಲಿ ಪಾವತಿ ಪುಸ್ತಕ, ಕಾರ್ಬನ್ ಹಾಳೆ, ನೋಟಿಸ್ ಬೋರ್ಡಿಗೆ ಹಚ್ಚಬೇಕಾದ ಬಾಕಿದಾರರ ಪಟ್ಟಿ. ಪಟ್ಟಿ ಹಚ್ಚಿದರೆ ಮರ್ಯಾದೆ ಹೋಯಿತೆಂದು ಜಗಳ, ಹಚ್ಚದಿದ್ದರೆ ರೊಕ್ಕ ಬರುವುದಿಲ್ಲ. ಈ ಸಂಕಟ ಹೊಸದಲ್ಲ. 1868ರಲ್ಲಿ ಶುರುವಾದ ಬೆಂಗಳೂರು ಕ್ಲಬ್ಬು ಇಂದಿಗೂ ಕಾಪಾಡಿಕೊಂಡು ಬಂದಿರುವ 1899ರ ಪುಸ್ತಕವೊಂದರಲ್ಲಿ ವಸೂಲಾಗದ ಬಾಕಿಗಳ ಪಟ್ಟಿ ಇದೆ. ಅದರಲ್ಲಿ ಒಂದು ಹೆಸರು ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್, ಬಾಕಿ 13 ರೂಪಾಯಿ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಮನುಷ್ಯನ ಹೆಸರನ್ನು ಬಾಕಿದಾರ ಎಂದು ಬರೆದಿಟ್ಟವನ ಕೈ ನಡುಗಲಿಲ್ಲ. ಖಜಾಂಚಿ ಅಂದರೆ ಹಾಗಿರಬೇಕು.

ಈಗ ಕಾಯ್ದೆ. ನಮ್ಮ ಬಹುಪಾಲು ಕ್ಲಬ್ಬುಗಳು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಾಯಿಸಿಕೊಂಡವು. ಏಳು ಮಂದಿ ಸೇರಿ ಉದ್ದೇಶಪತ್ರಕ್ಕೆ ಸಹಿ ಮಾಡಿದರೆ ಸಂಘ ಹುಟ್ಟುತ್ತದೆ. ಜೊತೆಗೆ ನಿಯಮಾವಳಿ, ಅಂದರೆ ಬೈಲಾ. ಅಧ್ಯಕ್ಷರಿಗೆ ಎಷ್ಟು ಅಧಿಕಾರ, ಚುನಾವಣೆ ಎಷ್ಟು ವರ್ಷಕ್ಕೊಮ್ಮೆ, ಕೋರಂ ಎಷ್ಟು, ಚೆಕ್ಕಿಗೆ ಯಾರ ಸಹಿ, ಸದಸ್ಯನನ್ನು ಹೊರಹಾಕುವುದು ಹೇಗೆ, ಎಲ್ಲ ಅದರಲ್ಲಿರುತ್ತದೆ. ‘ಕ್ಲಬ್ಬಿನ ಮಾಲೀಕರು ಯಾರು’ ಎಂದು ಕೇಳಿದರೆ ಹೆಚ್ಚಿನವರು ಅಧ್ಯಕ್ಷರ ಕಡೆ ಬೊಟ್ಟು ಮಾಡುತ್ತಾರೆ. ಕಾಯ್ದೆ ಬೊಟ್ಟು ಮಾಡುವುದು ಸರ್ವಸಾಧಾರಣ ಸಭೆಯ ಕಡೆಗೆ. ವರ್ಷಕ್ಕೊಮ್ಮೆ ಆ ಸಭೆ ನಡೆಯಲೇಬೇಕು. ನಡೆದ ಹದಿನಾಲ್ಕು ದಿನದೊಳಗೆ ಆಡಳಿತ ಮಂಡಳಿಯವರ ಪಟ್ಟಿ ಮತ್ತು ಆಸ್ತಿ-ಹೊಣೆಯ ಲೆಕ್ಕ ನೋಂದಣಾಧಿಕಾರಿಗೆ ಹೋಗಬೇಕು. ಅವರು ಸಹಕಾರ ಇಲಾಖೆಯವರು; ನಮಗೆ ಬಾಗಲಕೋಟೆ.

ಇಷ್ಟು ಮಾಡದೆ ಮೂರು-ನಾಲ್ಕು ವರ್ಷ ತಳ್ಳಿದ ಸಂಘಗಳು ಎಷ್ಟೋ ಇವೆ. ಫೋಟೊ ಪೇಪರಿನಲ್ಲಿ ಬಂದಿರುತ್ತದೆ, ಪಟ್ಟಿ ಬಾಗಲಕೋಟೆಗೆ ಹೋಗಿರುವುದಿಲ್ಲ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಹೋದಾಗ ‘ನವೀಕರಣದ ಪತ್ರ ತನ್ನಿರಿ’ ಎನ್ನುತ್ತಾರೆ. ಆಗ ಎಲ್ಲರೂ ಹಳೆಯ ಕಾರ್ಯದರ್ಶಿಯನ್ನು ಹುಡುಕಿಕೊಂಡು ಓಡುತ್ತಾರೆ. ಜಗಳ ಹೆಚ್ಚಾದರೆ ಕಾಯ್ದೆಯ 25ನೇ ಕಲಮು ಇದೆ: ಆಡಳಿತ ಮಂಡಳಿಯ ಬಹುಮತದವರು ಅಥವಾ ಸಂಘದ ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು, ತಾವಾಗಿಯೂ ನಡೆಸಬಹುದು. ಕಡೆಗೆ 27ಎ ಪ್ರಕಾರ ಆಡಳಿತಾಧಿಕಾರಿ ಬರುತ್ತಾರೆ. ತಾಲೀಮಿನ ವಸ್ತಾದ ಈ ಕಾಲಕ್ಕೆ ಬದುಕಿದ್ದರೆ ಇಷ್ಟು ಕಾಗದ ನೋಡಿ ಮಣ್ಣಿಗೇ ಮರಳುತ್ತಿದ್ದನೋ ಏನೋ.

ಕಾಗದಕ್ಕಿಂತ ಹೆಚ್ಚು ನಿದ್ದೆಗೆಡಿಸುವ ಸಂಗತಿ ಎಲೆಯ ಟೇಬಲ್ಲು. ಇಲ್ಲಿ ಪದಾಧಿಕಾರಿಗಳು ತಿಳಿದಿರಲೇಬೇಕಾದ ಒಂದು ಮೊಕದ್ದಮೆ ಇದೆ. 1963ರಲ್ಲಿ ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಶನ್ ಕ್ಲಬ್ಬಿನ ಮೇಲೆ ಪೊಲೀಸರು ದಾಳಿ ಮಾಡಿದರು. ಒಳಗೆ ರಮ್ಮಿ ನಡೆದಿತ್ತು. ಆಡುತ್ತಿದ್ದವರ ಜೊತೆ ಕ್ಲಬ್ಬಿನ ಖಜಾಂಚಿ, ಕಾರ್ಯದರ್ಶಿ ಇಬ್ಬರೂ ಆರೋಪಿಗಳಾದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1967ರ ನವೆಂಬರಿನಲ್ಲಿ ತೀರ್ಪು ಬಂತು. ರಮ್ಮಿ ಮೂರೆಲೆ ಆಟದಂತೆ ಬರೀ ಅದೃಷ್ಟದ ಆಟವಲ್ಲ. ಬಿದ್ದ ಎಲೆ ನೆನಪಿಡಬೇಕು, ಯಾವುದು ಹಿಡಿಯಬೇಕು ಯಾವುದು ಬಿಡಬೇಕು ಎಂದು ತಲೆ ಓಡಿಸಬೇಕು, ಹಾಗಾಗಿ ಅದು ಮುಖ್ಯವಾಗಿ ಜಾಣ್ಮೆಯ ಆಟ ಎಂದಿತು ಕೋರ್ಟು. ಎಲೆಗೆ, ಕುರ್ಚಿಗೆ, ಸೌಲಭ್ಯಕ್ಕೆ ಕ್ಲಬ್ಬು ಶುಲ್ಕ ತೆಗೆದುಕೊಂಡರೆ ತಪ್ಪಿಲ್ಲ ಎಂದೂ ಹೇಳಿತು. ಆದರೆ ಆಟದ ಮೇಲೆಯೇ ಕ್ಲಬ್ಬು ಲಾಭ ಹೊಡೆಯುತ್ತಿದ್ದರೆ ಮಾತು ಬೇರೆ ಎಂಬ ಗೆರೆಯನ್ನೂ ಎಳೆಯಿತು.

ಆ ಗೆರೆ ದಾಟಿದ ಕ್ಲಬ್ಬು ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಕಣ್ಣಿಗೆ ಜೂಜಿನ ಅಡ್ಡೆ. ಅದರ 79ನೇ ಕಲಮು ಹಿಡಿಯುವುದು ಅಡ್ಡೆ ನಡೆಸುವವರನ್ನು, 80ನೆಯದು ಅಲ್ಲಿ ಸಿಕ್ಕವರನ್ನು. ‘ಮನೋರಂಜನಾ ಕ್ಲಬ್’ ಎಂದು ಹೊರಗೆ ಬೋರ್ಡು, ಒಳಗೆ ಅಂದರ್-ಬಾಹರ್ ನಡೆದಿದ್ದರೆ ಬೈಲಾದ ಯಾವ ಪುಟವೂ ಕಾರ್ಯದರ್ಶಿಯನ್ನು ಉಳಿಸುವುದಿಲ್ಲ. ಅಧ್ಯಕ್ಷರು ಆ ಹೊತ್ತಿಗೆ ಯಾವುದೋ ಮದುವೆಯಲ್ಲಿ ಅಕ್ಷತೆ ಹಾಕುತ್ತಿರುತ್ತಾರೆ. ಕೀಲಿಕೈ ಯಾರ ಹತ್ತಿರ ಇತ್ತು ಎಂಬುದು ಪೊಲೀಸರ ಮೊದಲ ಪ್ರಶ್ನೆ. ಬಾರ್ ಇಟ್ಟುಕೊಳ್ಳುವ ಕ್ಲಬ್ಬಿಗೂ ಇದೇ ಮಾತು. ಅಬಕಾರಿ ಇಲಾಖೆ ಕ್ಲಬ್ಬಿಗೆ ಕೊಡುವ ಸಿಎಲ್-4 ಸನ್ನದು ಸದಸ್ಯರ ಸಲುವಾಗಿ. ಬೀದಿಯಲ್ಲಿ ಹೋಗುವವರನ್ನು ಕರೆದು ಕೂರಿಸಿದರೆ ಅದು ಕ್ಲಬ್ಬು ಎನಿಸದು.

ತೆರಿಗೆಯ ವಿಷಯ ಚುಟುಕಾಗಿ. ನಾವೇ ರೊಕ್ಕ ಹಾಕಿ ನಾವೇ ತಿಂದರೆ ಅದು ವ್ಯಾಪಾರವಲ್ಲ ಎಂಬ ಪರಸ್ಪರತೆಯ ತತ್ವ ಕ್ಲಬ್ಬುಗಳನ್ನು ಬಹಳ ಕಾಲ ಕಾಪಾಡಿದೆ. 2019ರಲ್ಲಿ ಕಲ್ಕತ್ತಾ ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಆದರೆ 2013ರಲ್ಲಿ ಅದೇ ಕೋರ್ಟು ಬೆಂಗಳೂರು ಕ್ಲಬ್ಬಿಗೆ, ನೀವು ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿಗೆ ತೆರಿಗೆ ಕಟ್ಟಿರಿ ಎಂದಿತ್ತು. ಬ್ಯಾಂಕು ಆ ರೊಕ್ಕವನ್ನು ಹೊರಗಿನವರಿಗೆ ಸಾಲ ಕೊಟ್ಟ ಕೂಡಲೇ ‘ನಮ್ಮೊಳಗೆ’ ಎಂಬ ಮಾತು ಮುಗಿಯಿತು. ಜಿಎಸ್‌ಟಿ ಕಾನೂನಿಗೆ 2021ರಲ್ಲಿ ತಿದ್ದುಪಡಿ ತಂದು, 2017ರ ಜುಲೈ 1ರಿಂದಲೇ ಅನ್ವಯವಾಗುವಂತೆ, ಕ್ಲಬ್ಬು ಬೇರೆ ಸದಸ್ಯರು ಬೇರೆ ಎಂದು ಬರೆದರು. ಅದರ ಜಗಳ ಕೋರ್ಟುಗಳಲ್ಲಿ ನಡೆದಿದೆ. ನಮ್ಮ ಊರುಗಳ ಸಣ್ಣ ಕ್ಲಬ್ಬುಗಳು ವರ್ಷಕ್ಕೆ 20 ಲಕ್ಷ ರೂಪಾಯಿಯ ವಹಿವಾಟು ದಾಟುವುದು ಅಪರೂಪ, ಹಾಗಾಗಿ ಬಿಸಿ ತಟ್ಟಿಲ್ಲ. ಮದುವೆಗೆ ಹಾಲ್ ಬಾಡಿಗೆಗೆ ಕೊಡಲು ಶುರು ಮಾಡಿದವರು ಮಾತ್ರ ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರನ್ನು ಹಿಡಿಯಲಿ.

ಇನ್ನೊಂದು ಮುಜುಗರದ ವಿಷಯ, ಒಳಗೆ ಬರುವವರು ಯಾರು ಎಂಬುದು. ಸದಸ್ಯತ್ವ ಕೊಡುವುದು, ನಿರಾಕರಿಸುವುದು ಸಮಿತಿಯ ಕೈಯಲ್ಲಿದೆ. ಎಷ್ಟೋ ಕಡೆ ಹೆಣ್ಣುಮಕ್ಕಳು ‘ಸದಸ್ಯರ ಮನೆಯವರು’ ಆಗಿ ಮಾತ್ರ ಬರುತ್ತಾರೆ, ಹೊಸ ವರ್ಷದ ಊಟಕ್ಕೆ, ಹಳದಿ-ಕುಂಕುಮಕ್ಕೆ. ಡಾಕ್ಟರ್ ಮೇಡಂ, ವಕೀಲ ಮೇಡಂ ಊರಲ್ಲಿ ಇಷ್ಟು ಮಂದಿ ಇರುವಾಗ ಪದಾಧಿಕಾರಿಗಳ ಫೋಟೊದಲ್ಲಿ ಒಬ್ಬರೂ ಕಾಣದಿದ್ದರೆ ಅದು ಬೈಲಾದ ತಪ್ಪಲ್ಲ, ಸಮಿತಿಯದೇ. ಉಡುಪಿನ ವಿಷಯದಲ್ಲಿ ದೊಡ್ಡ ಊರುಗಳ ಕ್ಲಬ್ಬುಗಳಿಗಿಂತ ನಾವು ವಾಸಿ. ಚೆನ್ನೈನ ಕ್ಲಬ್ಬೊಂದರಲ್ಲಿ ಪಂಚೆ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಬಾಗಿಲಲ್ಲಿ ತಡೆದರು. ತಮಿಳುನಾಡು 2014ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಬೇಕಾಯಿತು. ಮುಧೋಳದಲ್ಲಿ ಧೋತರ, ಗಾಂಧಿ ಟೊಪ್ಪಿಗೆಯ ಕಬ್ಬಿನ ಗೌಡರನ್ನು ಬಾಗಿಲಲ್ಲಿ ತಡೆಯುವ ಧೈರ್ಯ ಯಾವ ಕಾರ್ಯದರ್ಶಿಗಿದೆ? ಆದರೆ ಬನಹಟ್ಟಿಯಲ್ಲಿ ಮಗ್ಗದ ಕೂಲಿಯವನು ಸದಸ್ಯನಾಗಲು ಅರ್ಜಿ ಕೊಟ್ಟರೆ ಅದೇ ಸಲೀಸು ಇರುತ್ತದೆಯೇ ಎಂದು ಕೇಳಿದರೆ ಸಮಿತಿಯವರು ಪ್ರವೇಶ ಶುಲ್ಕದ ಅಂಕಿ ತೋರಿಸುತ್ತಾರೆ. ಬಾಗಿಲು ಕಾಯಲು ಅಂಕಿಯೇ ಸಾಕು.

ಒಟ್ಟು ಸೇರಿ ಸಂಘ ಕಟ್ಟುವುದು ಈ ಸೀಮೆಗೆ ಬಾರದ ವಿದ್ಯೆಯಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ರೈತರೇ ಬ್ಯಾರೇಜು ಕಟ್ಟಿದರು. ಕೃಷ್ಣಾ ತೀರ ರೈತ ಸಂಘ, ಸಿದ್ದು ನ್ಯಾಮಗೌಡರ ಮುಂದಾಳತ್ವ. ಪಟ್ಟಿ ಹಾಕಿ ರೊಕ್ಕ ಕೂಡಿಸಿದರು, ತಾವೇ ಕಲ್ಲು-ಮಣ್ಣು ಹೊತ್ತರು, ಅದಕ್ಕೆ ‘ಶ್ರಮ ಬಿಂದು ಸಾಗರ’ ಎಂದು ಹೆಸರಾಯಿತು. ಆ ಕೆಲಸವೇ ನ್ಯಾಮಗೌಡರನ್ನು ‘ಬ್ಯಾರೇಜ್ ಸಿದ್ದು’ ಮಾಡಿತು, 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸುವಷ್ಟು ಎತ್ತರಕ್ಕೆ ಒಯ್ದಿತು. ನೀರು ಬೇಕಾದಾಗ ಹೊಲ ಬಿಟ್ಟು ಬಂದು ದುಡಿದ ಜನ, ಕ್ಲಬ್ಬಿನ ವಾರ್ಷಿಕ ಸಭೆಗೆ ಭಾನುವಾರ ಅರ್ಧ ತಾಸು ಬರುವುದಿಲ್ಲ. ಇನ್ನೂರು ಸದಸ್ಯರಲ್ಲಿ ಮೂವತ್ತು ಮಂದಿ ಬರುತ್ತಾರೆ. ಕೋರಂ ಇಲ್ಲವೆಂದು ಸಭೆ ಮುಂದೂಡಿ, ಅರ್ಧ ಗಂಟೆ ಬಿಟ್ಟು ಅದೇ ಜಾಗದಲ್ಲಿ ಅದೇ ಮೂವತ್ತು ಮಂದಿ ಮತ್ತೆ ಕೂಡುತ್ತಾರೆ. ಬೈಲಾದಲ್ಲಿ ಅದಕ್ಕೆ ದಾರಿ ಇರುತ್ತದೆ. ಖಜಾಂಚಿ ಲೆಕ್ಕ ಓದುತ್ತಿರುವಾಗಲೇ ಉಪ್ಪಿಟ್ಟಿನ ವಾಸನೆ ಬಂದಿರುತ್ತದೆ. “ಓದಿದ್ದು ಆತು ಬಿಡ್ರಿ, ಮಂಜೂರ್” ಎಂದು ಹಿಂದಿನ ಸಾಲು. ಒಬ್ಬರೇ ಇಪ್ಪತ್ತು ವರ್ಷ ಕುರ್ಚಿ ಬಿಡಲಿಲ್ಲ ಎಂದು ಅಧ್ಯಕ್ಷರನ್ನು ಬೈಯುವ ನೂರಾ ಎಪ್ಪತ್ತು ಮಂದಿ ಆ ಹೊತ್ತಿಗೆ ಮನೆಯಲ್ಲಿ ಟಿವಿ ಮುಂದಿರುತ್ತಾರೆ. ನನಗಂತೂ ಅಧ್ಯಕ್ಷರ ಮೇಲೆ ಅಷ್ಟು ಸಿಟ್ಟಿಲ್ಲ.

ಇಂದಿನ ಪದಾಧಿಕಾರಿಗಳಿಗೆ ಹೊಸದಾಗಿ ಒದಗಿರುವ ತಲೆನೋವು ಜಾಗದ್ದು. ಬೆಂಗಳೂರಿನ ಸೆಂಚುರಿ ಕ್ಲಬ್ಬು ಸರ್ ಎಂ. ವಿಶ್ವೇಶ್ವರಯ್ಯನವರು ಮುಂದೆ ನಿಂತು 1917ರಲ್ಲಿ ಕಟ್ಟಿಸಿದ್ದು. ಕಬ್ಬನ್ ಪಾರ್ಕಿನಲ್ಲಿ ಅದು ನಿಂತಿರುವ ಏಳೂವರೆ ಎಕರೆ ಮೈಸೂರು ಮಹಾರಾಜರು ಕೊಟ್ಟದ್ದು. ಒಬ್ಬರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ನಮ್ಮದು ಖಾಸಗಿ ಸಂಸ್ಥೆ, ಕೊಡುವುದಿಲ್ಲ ಎಂದಿತು ಕ್ಲಬ್ಬು. 2025ರಲ್ಲಿ ಕರ್ನಾಟಕ ಹೈಕೋರ್ಟು, ಅಷ್ಟು ಬೆಲೆಬಾಳುವ ಜಾಗ ಸರಕಾರದಿಂದ ಬಂದಿರುವಾಗ ನೀವು ಸಾರ್ವಜನಿಕ ಪ್ರಾಧಿಕಾರವೇ, ಮಾಹಿತಿ ಕೊಡಿ ಎಂದಿತು. ಹಾಗಾಗಿ ಸಂಸ್ಥಾನದ ಕಾಲದಲ್ಲಿ ಸಿಕ್ಕ ಜಾಗದಲ್ಲೋ, ಪುರಸಭೆ ಪುಕ್ಕಟೆಯಾಗಿ ಬಿಟ್ಟುಕೊಟ್ಟ ನಿವೇಶನದಲ್ಲೋ ಕೂತಿರುವ ಕ್ಲಬ್ಬುಗಳ ಕಾರ್ಯದರ್ಶಿಗಳು ಒಮ್ಮೆ ಉತಾರ ತೆಗೆಸಿ ನೋಡುವುದು ಒಳ್ಳೆಯದು. ಉತಾರದಲ್ಲಿ ಯಾರ ಹೆಸರಿದೆ, ಮಂಜೂರಿ ಪತ್ರದಲ್ಲಿ ಏನು ಷರತ್ತಿದೆ, ಗುತ್ತಿಗೆ ಎಂದಿಗೆ ಮುಗಿಯುತ್ತದೆ. ಜೊತೆಗೆ ನಡಾವಳಿ ಪುಸ್ತಕ, ಸದಸ್ಯರ ರಜಿಸ್ಟರು, ಐದಾರು ವರ್ಷದ ಲೆಕ್ಕಪರಿಶೋಧನಾ ವರದಿ ಒಂದೇ ಕಪಾಟಿಗೆ ಬರಲಿ. ಅರ್ಜಿ ಬಂದ ಮೇಲೆ ಹುಡುಕಿದರೆ ಅರ್ಧ ಹಳೆಯ ಖಜಾಂಚಿಯ ಮನೆಯಲ್ಲಿರುತ್ತದೆ, ಇನ್ನರ್ಧ ಸಿಗುವುದೇ ಇಲ್ಲ. ಉತ್ತರ ಕೊಡಲು ಕಾಯ್ದೆ ಇಟ್ಟಿರುವ ಗಡುವು 30 ದಿನ.